ಹದಿನೆಂಟು ದಿನದ ಕಡಲು

ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಯಲ್ಲಿ ನಿವೃತ್ತರು ತಮ್ಮ ಕೆಲಸದ ಅನುಭವ ಬರೆಯುವುದು ವಾಡಿಕೆ. ರೈಲ್ವೆಯವರು ಬರೆದರು, ಬ್ಯಾಂಕಿನವರು ಬರೆದರು, ಈ ಸಲ ಸಂಪಾದಕರು ನನ್ನನ್ನು ಹಿಡಿದರು. "ನೀನೂ ನಿವೃತ್ತನೇ ತಾನೇ?" ಹೌದು ಸ್ವಾಮಿ, ಮೂವತ್ತಮೂರಕ್ಕೇ. ಕೋಲ್ಕತ್ತದ ಮನೆಗಳಲ್ಲಿ ಹನ್ನೊಂದು ವರ್ಷ ಉಪ್ಪುನೀರಿನ ಮೀನುತೊಟ್ಟಿ ಕಟ್ಟಿದೆ. ಉಪ್ಪು ಕೈಯ ಚರ್ಮ ತಿಂದಿತು, ಲಿಫ್ಟಿಲ್ಲದ ಮನೆಗಳು ಸೊಂಟ ತಿಂದವು. ಚರ್ಮದ ಡಾಕ್ಟರು ಉಪ್ಪುನೀರು ಬಿಡು ಎಂದರು, ಮೂಳೆ ಡಾಕ್ಟರು ಭಾರ ಬಿಡು ಎಂದರು. ಎರಡನ್ನೂ ಬಿಟ್ಟ ಮೇಲೆ ಆ ಕೆಲಸದಲ್ಲಿ ಉಳಿಯುವುದು ಮೀನಿನ ಜೊತೆ ಮಾತಾಡುವುದು ಒಂದೇ. ಅದಕ್ಕೆ ಯಾರೂ ಆಳು ಇಟ್ಟುಕೊಳ್ಳುವುದಿಲ್ಲ. ಈಗ ಜಾಹೀರಾತುಗಳಿಗೆ ದನಿ ಕೊಡುತ್ತೇನೆ. ರೇಡಿಯೊದಲ್ಲಿ ಹಲ್ಲುನೋವೆಂದು ನರಳುವ ಅಜ್ಜ, ಸಿಮೆಂಟು ಹೊಗಳುವ ಮಾವ, ಇಬ್ಬರೂ ನಾನೇ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಇಲ್ಲ. ನಮ್ಮ ಅಂಗಡಿಯಲ್ಲಿದ್ದದ್ದು ಎರಡೇ ಹುದ್ದೆ, ಮಾಲೀಕ ಮತ್ತು ನಾನು.

ಮಾಲೀಕರ ಹೆಸರು ನಿತಾಯ್‌ದಾ. ಗರಿಯಾಹಾಟಿನ ಸೀರೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಒಂದು ಟ್ರಾಮು ದಾಟಿಹೋಗುವಷ್ಟು ಬಿಡುವು ಕೊಡುವ ಮನುಷ್ಯ. ಆ ಬಿಡುವನ್ನು ಹಿಡಿದರೆ ಅವರ ದನಿ ನನ್ನ ಬಾಯಿಗೆ ತಾನಾಗಿ ಬರುತ್ತಿತ್ತು. ನನಗೆ ಚಿಕ್ಕಂದಿನಿಂದ ಇದೊಂದು ತುರಿಕೆ. ಯಾರನ್ನು ಕಂಡರೂ ಮೊದಲು ಅವರ ಕೆಮ್ಮು ಕಲಿಯುತ್ತೇನೆ, ಆಮೇಲೆ ಹೆಸರು ಕೇಳುತ್ತೇನೆ.

ನಿತಾಯ್‌ದಾ ಕಲಿಸಿದ ಮೊದಲ ಪಾಠ: ನಲವತ್ತು ದಿನ, ಅದಕ್ಕೆ ಮೊದಲು ಮೀನಿಲ್ಲ. ಹೊಸ ತೊಟ್ಟಿಯ ನೀರು ನೋಡಲು ಗಾಜಿನಂತಿರುತ್ತದೆ, ಆದರೆ ಮೀನಿನ ಹೇಲು ಉಚ್ಚೆ ಅದರಲ್ಲಿ ವಿಷವಾಗುತ್ತದೆ. ಆ ವಿಷ ತಿನ್ನುವ, ಕಣ್ಣಿಗೆ ಕಾಣದ ಜೀವಿಗಳು ಕಲ್ಲಿನಲ್ಲೂ ಮರಳಿನಲ್ಲೂ ಮನೆ ಮಾಡಬೇಕು. ಬಿಸಿ ಹಾಲು ಆರಿದ ಮಾತ್ರಕ್ಕೆ ಮೊಸರಾಗುವುದಿಲ್ಲವಲ್ಲ, ಹಾಗೆ. ನ್ಯೂ ಟೌನಿನ ಒಬ್ಬ ಎಂಜಿನಿಯರ್ ಸಾಹೇಬರು ತೊಟ್ಟಿಯ ದೀಪ, ಪಂಪು, ಹೀಟರು ಎಲ್ಲವನ್ನೂ ಮೊಬೈಲಿಗೆ ಜೋಡಿಸಿ, "ಇದನ್ನೂ ಆಪ್‌ನಲ್ಲಿ ಫಾಸ್ಟ್ ಮಾಡಲಿಕ್ಕೆ ಆಗುವುದಿಲ್ಲವಾ?" ಎಂದು ಕೇಳಿದ್ದರು. ಬೇರೆ ಯಾವುದೋ ದೇಶದ ಗಡಿಯಾರ ಹಾಕಿದ್ದರಿಂದ ಅವರ ಮೀನುಗಳು ಒಂದು ವಾರ ಹಗಲಲ್ಲಿ ಮಲಗಿದವು. ಬಲ್ಲಿಗಂಜಿನ ಒಬ್ಬ ಮಾಸಿಮಾ, ಅಂದರೆ ಚಿಕ್ಕಮ್ಮ, ಭಕ್ತಿಯಿಂದ ಒಂದು ತಂಬಿಗೆ ಗಂಗಾಜಲ ಸುರಿದಿದ್ದರು. ನಾನು ಬೈಯಲಿಲ್ಲ. ಗಂಗೆ ಕಡಲು ಸೇರುವುದು ಸಹಜ ಎಂದು ಅರ್ಧ ನೀರು ಬದಲಾಯಿಸಿ ಬಂದೆ.

ಆದರೆ ನಲವತ್ತು ದಿನದ ನಿಯಮ ಮುರಿದದ್ದು ಗಿರಾಕಿಗಳಲ್ಲ, ನಾನು. ಹೇಳಬೇಕಾದ ಕಥೆ ಅದು.

ಒಂದು ಮಧ್ಯಾಹ್ನ ನಿತಾಯ್‌ದಾ ಊಟಕ್ಕೆ ಹೋಗಿದ್ದರು. ನಾನು ಅವರ ಕುರ್ಚಿಯಲ್ಲಿ ಕೂತು, ಅವರ ಕನ್ನಡಕ ಏರಿಸಿ, ಅವರ ದನಿಯಲ್ಲಿ ಮೀನುಗಳಿಗೆ ಬುದ್ಧಿ ಹೇಳುತ್ತಿದ್ದೆ. ಫೋನು ಬಂತು. ದನಿ ಬದಲಿಸಲು ಮರೆತೆನೋ ಮನಸ್ಸಾಗಲಿಲ್ಲವೋ, ಅದರಲ್ಲೇ ಹ್ಯಾಲೋ ಎಂದೆ. ಆ ಕಡೆಯ ಹಿಂದಿಗೆ ತೆಂಗಿನೆಣ್ಣೆಯ ವಾಸನೆ ಇತ್ತು, ನಮ್ಮ ಕಡೆಯದೇ. "ಸಮುದ್ರ್ ಕಾ ಮೀನು ರಖ್ನೇ ಕಾ ಟ್ಯಾಂಕ್ ಅಠಾರಾ ದಿನ್ ಮೇ ಆಗ್ತದಾ... ಹೋತಾ ಹೈ ಕ್ಯಾ?"

ನಾನು ಒಂದು ಟ್ರಾಮು ದಾಟಿಸಿದೆ. ಆಮೇಲೆ, "ಹೋಬೆ... ಹೋಬೆ. ಚಿಂತಾ ನೇಯ್," ಎಂದೆ. ಆಗುತ್ತದೆ, ಚಿಂತೆ ಬೇಡ. ವೇಷ ಕಟ್ಟಿಕೊಂಡವನಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಫೋನು ಇಟ್ಟು ಮರೆತೂಬಿಟ್ಟೆ.

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದವರು ವಾಸುದೇವ ಐತಾಳರು. ಕಸ್ಬಾದಲ್ಲಿ ಅವರದು ಹೋಟೆಲು, ಕೇಟರಿಂಗು, ಎಲ್ಲ ಶುದ್ಧ ಸಸ್ಯಾಹಾರ. ಕೈಯಲ್ಲಿ ಹಯಗ್ರೀವದ ಡಬ್ಬಿ. ಅದನ್ನು ನಿತಾಯ್‌ದಾರ ಕೈಗಿತ್ತು, "ಆಪ್ ನೇ ಮೇರಾ ಇಜ್ಜತ್ ಬಚಾಯಾ," ನನ್ನ ಮಾನ ಉಳಿಸಿದಿರಿ, ಎಂದರು. ನಿತಾಯ್‌ದಾ ಡಬ್ಬಿ ನೋಡಿದರು, ಐತಾಳರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮೂರು ಟ್ರಾಮು ಹೋದವು.

ಐತಾಳರು ನನ್ನ ಕಡೆ ತಿರುಗಿ ಕನ್ನಡದಲ್ಲಿ ತೋಡಿಕೊಂಡರು. ಮಗಳು ಶ್ರಾವ್ಯಳ ಮದುವೆ ನ್ಯೂ ಟೌನಿನ ಬಂಗಾಳಿ ಹುಡುಗನ ಜೊತೆ ನಿಶ್ಚಯವಾಗಿದೆ. ಮದುವೆಯ ದಿನ ಬೆಳಿಗ್ಗೆ ಅವರಲ್ಲಿ ಅರಿಶಿನದ ಶಾಸ್ತ್ರ, ಹುಡುಗನ ಮನೆಯಿಂದ ಹುಡುಗಿಯ ಮನೆಗೆ ಅರಿಶಿನ, ಸೀರೆ, ಮಿಠಾಯಿಗಳ ತಟ್ಟೆಗಳು ಬರುತ್ತವೆ.

"ಅದರೊಟ್ಟಿಗೆ ಎಂತ ಬರ್ತದೆ ಗೊತ್ತುಂಟಾ ಮಾರಾಯ? ಇಷ್ಟುದ್ದದ ರೋಹು ಮೀನು. ಅದಕ್ಕೆ ಸೀರೆ ಉಡಿಸಿ, ಮೂಗುತಿ ಇಟ್ಟು, ತಟ್ಟೆಯಲ್ಲಿ ಮಲಗಿಸಿ ತರ್ತಾರಂತೆ. ನನ್ನ ಮನೆಗೆ. ನಾನು ಹೇಳಿದೆ, ಸತ್ತ ಮೀನು ನನ್ನ ಹೊಸ್ತಿಲು ದಾಟುವುದಿಲ್ಲ. ಹುಡುಗನ ಅಜ್ಜಿ ಹೇಳಿದ್ರು, ಮೀನು ಹೋಗದ ಮನೆಯಿಂದ ಸೊಸೆ ತರುವುದಿಲ್ಲ. ಎರಡು ವಾರ ಯಾರೂ ಯಾರಿಗೂ ಫೋನ್ ಮಾಡ್ಲಿಲ್ಲ. ಮಗಳು ಊಟ ಬಿಟ್ಳು."

ದಾರಿ ತೋರಿಸಿದವಳು ಶ್ರಾವ್ಯಳೇ. ಸತ್ತದ್ದು ಬೇಡ ಎಂದರೆ ಜೀವ ಇರುವುದು ಬರಲಿ, ಬಂದು ಇಲ್ಲೇ ಬದುಕಲಿ. ಅಜ್ಜಿ ಒಪ್ಪಿದರು. ನಾನು ಕೇಳಿದೆ: "ಹಾಗಾದ್ರೆ ಒಂದು ಸಾದಾ ನೀರಿನ ತೊಟ್ಟಿ ಸಾಕಲ್ಲ ಐತಾಳರೇ, ಎರಡು ಗೋಲ್ಡ್ ಫಿಶ್?"

"ಕೆರೆ ಮೀನು ಕಂಡ್ರೆ ಬಂದವರು ಸಾಸಿವೆ ಎಲ್ಲಿ ಅಂತ ಕೇಳ್ತಾರೆ. ಯಾವ ಬಂಗಾಳಿಗೂ ಅಡುಗೆಯ ನೆನಪಾಗದ ಮೀನು ಬೇಕು. ಮತ್ತೊಂದು ಮಾತು, ಶಾಸ್ತ್ರದ ದಿನ ಅದು ಸತ್ತರೆ ನಾನು ಬೇಡ ಅಂದ ಸತ್ತ ಮೀನೇ ನನ್ನ ಮನೆಯಲ್ಲಿ ತೇಲ್ತದೆ. ಅಜ್ಜಿ ಅದನ್ನು ಅಪಶಕುನ ಅಂತಾರೆ. ಆಮೇಲೆ ಮದುವೆ ನಿಲ್ತದೋ ಇಲ್ವೋ, ಮಗಳು ಆ ಮನೆಯಲ್ಲಿ ಹೇಗೆ ಬದುಕುವುದು?"

ಅವರು ಹೋದ ಮೇಲೆ ನಿತಾಯ್‌ದಾ ಹಯಗ್ರೀವದ ಡಬ್ಬಿ ತೆರೆದು ಒಂದು ಚಮಚ ತಿಂದರು. ಅವರ ಬಂಗಾಳಿಯನ್ನು ಕನ್ನಡದಲ್ಲಿ ಕೊಡುತ್ತೇನೆ, ಬಿಡುವುಗಳನ್ನು ನೀವೇ ಹಾಕಿಕೊಳ್ಳಿ. "ನಾನು ಹೇಳಲಿಲ್ಲ. ಆದರೆ ನನ್ನ ದನಿ ಹೇಳಿದೆ. ಇನ್ನು ಅದು ನನ್ನ ಮಾತು. ನಿನಗೆ ಶಿಕ್ಷೆ ಏನೆಂದರೆ, ಹದಿನೆಂಟು ದಿನ ನೀನು ನಿನ್ನ ದನಿಯಲ್ಲೇ ಮಾತಾಡಬೇಕು."

ನನ್ನ ದನಿ ಯಾವುದು ಎಂದು ಹುಡುಕುವುದರಲ್ಲೇ ಮೊದಲ ದಿನ ಕಳೆಯಿತು.

ಕಸ್ಬಾದ ಮನೆಯ ಹಜಾರದಲ್ಲಿ ನಾಲ್ಕಡಿಯ ತೊಟ್ಟಿ ಇಟ್ಟೆವು. ನಾನು ಕಾಲೊರೆಸಿ ಒಳಗೆ ಬಂದ ಕೂಡಲೇ ಐತಾಳರು ಕೇಳಿದ್ದು, "ಅವು ತಿನ್ನುವುದು ಎಂತ?" ನಾನು, "ಒಂಥರಾ ಪುಡಿ," ಎಂದೆ. ಪುಡಿಯೂ ತಿನ್ನುತ್ತವೆ ಎಂಬುದು ನಿಜ. ನಿಜದ ಅರ್ಧ ಹೇಳುವ ಅಭ್ಯಾಸ ಈ ಕೆಲಸದಲ್ಲಿ ಬೇಗ ಬರುತ್ತದೆ, ಹೊಸಬರು ಎಚ್ಚರವಾಗಿರಿ.

ಬಾಲ್ಕನಿಯಲ್ಲಿ ನೀಲಿ ಡ್ರಮ್ಮು, ಅದರಲ್ಲಿ ಶುದ್ಧಮಾಡಿದ ನೀರು, ಅದಕ್ಕೆ ಕಡಲುಪ್ಪಿನ ಮಿಶ್ರಣ. ಕದಡಲು ಪಂಪು. ಉಪ್ಪು ಅಳೆಯಲು ಹೊಸ ಕಾಲದ ನಳಿಗೆ ಒಂದಿತ್ತು. ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದು ಒಂದು ಕಣ್ಣಲ್ಲಿ ನೋಡಿದರೆ ಅಂಕಿ ಕಾಣುತ್ತದೆ. ನೋಡಿದೆ, ಸರಿಯಾಗಿತ್ತು. ನಾನು ಹಡಗಿನ ಕಪ್ತಾನನ ಠೀವಿಯಲ್ಲಿ ನಿಂತಿದ್ದಾಗ ಐತಾಳರ ಹಿರಿಯ ಅಡುಗೆಯವರು ಸುಬ್ಬಣ್ಣ ಬಂದರು. ಹುಟ್ಟಿದ್ದು ಕುಂದಾಪುರದ ಕಡಲದಂಡೆಯಲ್ಲಿ, ಬೆಳೆದದ್ದು ಒಲೆಯ ಮುಂದೆ. ಡ್ರಮ್ಮಿಗೆ ಬೆರಳದ್ದಿ ನಾಲಿಗೆಗೆ ಇಟ್ಟರು.

"ಉಪ್ಪು ಕಡಿಮೆ."

"ಸುಬ್ಬಣ್ಣ, ಇದು ಸಾರಲ್ಲ."

"ಸಾರಿಗೆ ಇಷ್ಟು ಹಾಕಿದ್ರೆ ಬೈತಾರೆ. ಕಡಲಿಗೆ ಸಾಲ್ದು. ಸಣ್ಣದಿರುವಾಗ ತೆರೆ ಬಡಿದು ಎಷ್ಟು ಸಲ ಕುಡಿದಿದ್ದೇನೆ ಗೊತ್ತುಂಟಾ? ಇದು ಹೊಳೆಬಾಗಿಲಿನ ನೀರು. ಮಳೆಗಾಲದ್ದು."

"ಯಂತ್ರ ಸರಿ ಉಂಟು ಅಂತ ಹೇಳ್ತದೆ."

"ಯಂತ್ರ ಯಾವ ಊರಿನದು?"

ಅವರು ಹೋದ ಮೇಲೆ ಶಿಕ್ಷೆ ಮರೆತು ಶ್ರಾವ್ಯಳ ಮುಂದೆ ಅವರ ಬೆರಳು, ನಾಲಿಗೆ, ಹುಬ್ಬು ಎಲ್ಲ ಮಾಡಿ ತೋರಿಸಿದೆ. ಅವಳು ಸೋಫಾದ ಮೇಲೆ ಬಿದ್ದು ನಕ್ಕಳು. ತುಂಬ ದಿನದ ನಂತರ ನಕ್ಕಳು ಎಂದು ಅವಳಮ್ಮ ಒಳಗಿಂದ ಬಂದು ನೋಡಿದರು.

ಮೂರನೆಯ ದಿನ ನಿತಾಯ್‌ದಾ ಬಂದರು, ಟ್ಯಾಕ್ಸಿಯಲ್ಲಿ, ತೊಡೆಯ ಮೇಲೆ ಒದ್ದೆ ಗೋಣಿಯ ಬುಟ್ಟಿ ಇಟ್ಟುಕೊಂಡು. ಅದರಲ್ಲಿ ಅವರ ಸ್ವಂತ ತೊಟ್ಟಿಯ ಕಲ್ಲುಗಳು. ಅವರ ಮನೆಯಲ್ಲಿ ಹನ್ನೆರಡು ವರ್ಷದಿಂದ ಇದ್ದ, ನೇರಳೆ ಬಣ್ಣ ಹಿಡಿದ ಆ ಕಲ್ಲುಗಳನ್ನು ಯಾರಿಗೂ ಮುಟ್ಟಲು ಬಿಟ್ಟವರಲ್ಲ. ವಿಷ ತಿನ್ನುವ ಜೀವಿಗಳೆಲ್ಲ ಅದರೊಳಗೇ ಸಂಸಾರ ಹೂಡಿದ್ದವು. ನಲವತ್ತು ದಿನ ಹದಿನೆಂಟಾಗಲು ಅದೊಂದೇ ದಾರಿ. ಸುಬ್ಬಣ್ಣನಿಗೆ ವಿವರಿಸಲು ಹೊರಟೆ, ಅವರು ಅರ್ಧಕ್ಕೇ ತಡೆದರು. "ಹೆಪ್ಪು. ಹಾಗೆ ಹೇಳು."

ಕಲ್ಲು ಇಳಿಸುವ ಮೊದಲು ನಿತಾಯ್‌ದಾ ಜೇಬಿನಿಂದ ಹಳೆಯ ಗಾಜಿನ ತೇಲುಕಡ್ಡಿ ತೆಗೆದರು. ನೀರು ಎಷ್ಟು ಉಪ್ಪೋ ಅದು ಅಷ್ಟು ಮೇಲೆ ತೇಲಬೇಕು. ಮುದುಕರ ಆಟಿಕೆ ಎಂದು ನಾನು ಅದನ್ನು ಎಷ್ಟೋ ಸಲ ಗೇಲಿ ಮಾಡಿದ್ದೆ. ಡ್ರಮ್ಮಿನ ನೀರಿಗೆ ಬಿಟ್ಟರು. ಕಡ್ಡಿ ನಾಚಿಕೊಂಡವರಂತೆ ಕುತ್ತಿಗೆಯವರೆಗೆ ಮುಳುಗಿತು. ನನ್ನ ನಳಿಗೆ ಎರಡು ವಾರದ ಹಿಂದೆ ಮೆಟ್ಟಿಲ ಮೇಲೆ ಬಿದ್ದಿತ್ತು. ಬಿದ್ದ ಮೇಲೆ ಶುದ್ಧನೀರಿನ ಹನಿ ಹಾಕಿ ಸೊನ್ನೆ ತೋರಿಸುತ್ತದೆಯೇ ಎಂದು ನೋಡಬೇಕು. ನಾನು ಅದರ ಧೂಳು ಒರೆಸಿದ್ದೆ, ಅಷ್ಟೇ. ಆ ನೀರಿಗೆ ಕಲ್ಲು ಇಳಿದಿದ್ದರೆ ಹನ್ನೆರಡು ವರ್ಷದ ಹೆಪ್ಪು ಒಂದೇ ದಿನದಲ್ಲಿ ಹಾಳು, ಮದುವೆಗೆ ಕೊಳೆತ ವಾಸನೆಯ ತೊಟ್ಟಿ.

ನಿತಾಯ್‌ದಾ ಸುಬ್ಬಣ್ಣನನ್ನು ಕರೆದು, ಉಪ್ಪು ಹಾಕುತ್ತ ಹಾಕುತ್ತ, "ದೇಖಿಯೇ ತೋ," ಸ್ವಲ್ಪ ನೋಡಿ, ಎಂದರು. ಒಬ್ಬರು ಬೆರಳದ್ದುವುದು, ಇನ್ನೊಬ್ಬರು ಕಡ್ಡಿ ಬಿಡುವುದು. ಒಬ್ಬರ ಭಾಷೆ ಒಬ್ಬರಿಗೆ ಗೊತ್ತಿಲ್ಲದ ಇಬ್ಬರು ಮುದುಕರು ಸೇರಿ ಬಾಲ್ಕನಿಯಲ್ಲಿ ಒಂದು ಸಮುದ್ರ ಅಡುಗೆ ಮಾಡಿದರು. ಕಡ್ಡಿ ಗುರುತಿಗೆ ಬಂದ ಕ್ಷಣಕ್ಕೇ ಸುಬ್ಬಣ್ಣ, "ಇದು ನಮ್ಮದು," ಎಂದರು. ಹೊಸಬರೇ, ಯಂತ್ರ ಕೊಳ್ಳಿ, ಅದರ ಜೊತೆಗೆ ಅದನ್ನು ಅನುಮಾನಿಸುವ ಒಬ್ಬರನ್ನೂ ಇಟ್ಟುಕೊಳ್ಳಿ.

ಆಮೇಲೆ ದಿನವೂ ಪರೀಕ್ಷೆ. ತೊಟ್ಟಿಗೆ ನಾವೇ ಸ್ವಲ್ಪ ಅಮೋನಿಯಾ, ಅಂದರೆ ಅದೇ ವಿಷ, ಹಾಕುವುದು, ಮರುದಿನ ಕೊಳವೆಯಲ್ಲಿ ನೀರು ಹಿಡಿದು ಔಷಧ ಬೆರೆಸುವುದು. ಹಸಿರಾದರೆ ವಿಷ ಉಳಿದಿದೆ, ಹಳದಿಯಾದರೆ ಕಲ್ಲು ತಿಂದುಮುಗಿಸಿದೆ. ಐದನೆಯ ದಿನ ಗಿಳಿ ಹಸಿರು. ಒಂಬತ್ತನೆಯ ದಿನ ನಿಂಬೆ. ಶ್ರಾವ್ಯ ಬಣ್ಣದ ಫೋಟೊ ತೆಗೆದು ಹುಡುಗನಿಗೆ ಕಳಿಸುತ್ತಿದ್ದಳು. "ಅವ್ನು ಪ್ರೇಮಪತ್ರ ಕೇಳ್ತಾನೆ, ನಾನು ಟೆಸ್ಟ್ ರಿಪೋರ್ಟ್ ಕಳಿಸ್ತೇನೆ," ಎಂದಳು. ಹನ್ನೊಂದನೆಯ ದಿನ ಅರಿಶಿನದಂಥ ಹಳದಿ ಬಂತು, ಆಮೇಲೆ ಬದಲಾಗಲಿಲ್ಲ.

ಮೀನು ನಮ್ಮ ಅಂಗಡಿಯಲ್ಲಿ ಬೇರೆ ತೊಟ್ಟಿಯಲ್ಲಿತ್ತು. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನಿನ ಜೋಡಿ. ಹನ್ನೆರಡನೆಯ ದಿನ ಹುಡುಗನ ಅಜ್ಜಿ ನೋಡಲು ಬರುತ್ತಾರೆಂದು ಸುದ್ದಿ ಬಂತು. ಬಂಗಾಳಿಯಲ್ಲಿ ಠಾಕುಮಾ. ಮೀನಿನ ವಿಷಯಕ್ಕೆ ಅಂಗಡಿಗೆ ಫೋನು ಮಾಡಿದ್ದಾಗ ಅವರ ದನಿ ಕೇಳಿದ್ದೆ, ಕಂಡಿರಲಿಲ್ಲ. ನಿತಾಯ್‌ದಾ ಹೊರಗೆ ಚಹಾಕ್ಕೆ ಹೋದದ್ದೇ ತಡ, ತೊಟ್ಟಿಗೆ ಮುಖ ಮಾಡಿ, ಸೊಂಟದ ಮೇಲೆ ಕೈಯಿಟ್ಟು, "ಮೀನು ಹೋಗದ ಮನೆಯಿಂದ... ಖೊಕ್ ಖೊಕ್... ಸೊಸೆ ತರುವುದಿಲ್ಲ," ಎಂದು ಗಂಡು ಮೀನಿಗೆ ಬಂಗಾಳಿಯಲ್ಲಿ ಗದರಿದೆ.

"ಕೆಮ್ಮು ಮೊದಲು ಬರುತ್ತದೆ," ಎಂದಿತು ಹಿಂದಿನಿಂದ ಒಂದು ದನಿ. "ಮಾತು ಆಮೇಲೆ. ಎಲ್ಲರೂ ತಿರುಗಿ ನೋಡಬೇಕಲ್ಲ."

ತಿರುಗಿದೆ. ಬಿಳಿ ಸೀರೆಯ, ನನ್ನ ಭುಜಕ್ಕೂ ಬಾರದ ಎತ್ತರದ ಠಾಕುಮಾ. ಅವರು ಕುರ್ಚಿ ಎಳೆದು ಕೂತು, "ಇನ್ನೊಂದು ಸಲ ಮಾಡು," ಎಂದರು. ಮಾಡಿದೆ. "ಈಗ ನಿನ್ನ ಮಾಲೀಕನದು ಮಾಡು." ಅದನ್ನೂ ಮಾಡಿದೆ. ಅವರು ಕಣ್ಣೀರು ಒರೆಸಿಕೊಳ್ಳುವಾಗ ನಿತಾಯ್‌ದಾ ಬಾಗಿಲಲ್ಲಿ ಎರಡು ಚಹಾ ಹಿಡಿದು ನಿಂತಿದ್ದರು. ಒಂದು ಲೋಟ ಠಾಕುಮಾರಿಗೆ ಕೊಟ್ಟರು, ನನ್ನದನ್ನು ತಾವೇ ಕುಡಿದರು.

ಜೋಡಿಯಲ್ಲಿ ದೊಡ್ಡದು ಹೆಣ್ಣು ಎಂದು ಹೇಳಿದೆ. ಎಲ್ಲವೂ ಹುಟ್ಟುವಾಗ ಗಂಡೇ, ಗುಂಪಿನಲ್ಲಿ ಯಾರು ಮೇಲಾಗುತ್ತಾರೋ ಅದು ಹೆಣ್ಣಾಗುತ್ತದೆ ಎಂದೂ ಹೇಳಿಬಿಟ್ಟೆ. ಠಾಕುಮಾ ತಲೆದೂಗಿದರು. "ನಮ್ಮ ಮನೆಯಲ್ಲೂ ಮೇಲಿರುವವಳು ನಾನೇ. ಈ ಮೀನು ಸರಿ. ಆದರೆ ಕೇಳು. ಆ ದಿನ ಸೊಸೆಯ ಮನೆಯಲ್ಲಿ ಇದು ಓಡಾಡುವುದನ್ನು ನನ್ನ ಕಣ್ಣಲ್ಲಿ ಕಂಡ ಮೇಲೆಯೇ ನಾನು ಬಾಯಿಗೆ ನೀರು ಹಾಕುವುದು."

ಹದಿನೆಂಟನೆಯ ದಿನ ಬೆಳಿಗ್ಗೆ ಮೀನು ಗಾಳಿ ತುಂಬಿದ ಚೀಲದಲ್ಲಿ ನ್ಯೂ ಟೌನಿಗೆ ಹೋಗಿ, ಅಲ್ಲಿಂದ ದಿಬ್ಬಣದ ಕಾರಿನಲ್ಲಿ ಕಸ್ಬಾಕ್ಕೆ ಬಂತು. ಚೀಲಕ್ಕೆ ಅಂಗೈಯಗಲದ ಬನಾರಸಿ ಸೀರೆ ಸುತ್ತಿದ್ದರು. ಶಂಖ, ಹೆಂಗಸರು ನಾಲಿಗೆ ಆಡಿಸಿ ಹೊರಡಿಸುವ ಮಂಗಳದ ಉಲು ದನಿ, ತಟ್ಟೆಗಳ ಸಾಲು. ಹುಡುಗನ ಸೋದರತ್ತೆ ಅರಿಶಿನದ ಬಟ್ಟಲು ಹಿಡಿದು ನೇರ ಚೀಲಕ್ಕೇ ಬೆರಳು ಇಳಿಸಲು ಹೊರಟರು. ಶಾಸ್ತ್ರದಲ್ಲಿ ಮೀನಿಗೂ ಅರಿಶಿನ ಹಚ್ಚಬೇಕು. ನಾನು ನಡುವೆ ನುಗ್ಗಿದೆ, ಅರಿಶಿನ ನನ್ನ ಮೂಗಿಗೆ ಬಿತ್ತು. "ಗಾಜಿಗೆ ಹಚ್ಚು," ಎಂದರು ಠಾಕುಮಾ. ತೊಟ್ಟಿಯ ಹೊರಗೆ ಐದು ಬೆರಳಿನ ಹಳದಿ ಗುರುತು ಬಿತ್ತು.

ಚೀಲದ ನೀರಿಗೆ ತೊಟ್ಟಿಯ ನೀರು ಹನಿಹನಿಯಾಗಿ ಬೆರೆಸಲು ಒಂದು ಗಂಟೆ ಬೇಕು. ಬೆರೆಸಿದೆ. ಮೀನು ಬಿಟ್ಟೆ. ಮೂವತ್ತು ಹೆಂಗಸರು ಒಟ್ಟಿಗೆ ಉಲು ಹಾಕಿದರು. ಎರಡೂ ಮೀನು ಕಲ್ಲಿನ ಹಿಂದೆ ಹೋಗಿ ಮಾಯವಾದವು.

ಹತ್ತು ನಿಮಿಷ ಕಾದೆವು. ಅರ್ಧ ಗಂಟೆ. ದೀಪ ಆರಿಸಿದೆ. ಠಾಕುಮಾ ಒಂದು ಕೈ ಎತ್ತಿದರು, ಮನೆ ತುಂಬ ಮೌನ. ಅವರು ತೊಟ್ಟಿಯ ಮುಂದೆ ಕುರ್ಚಿ ಹಾಕಿ ಕೂತಿದ್ದರು, ಬೆಳಿಗ್ಗೆಯಿಂದ ಉಪವಾಸ, ತುಟಿ ಒಣಗಿತ್ತು. ನೀರು ತಂದುಕೊಟ್ಟರೆ ತಲೆಯಾಡಿಸಿದರು. ಅರಿಶಿನ ಮೆತ್ತಿದ ಶ್ರಾವ್ಯ ಬಾಗಿಲಲ್ಲಿ ಅಮ್ಮನ ಕೈ ಹಿಡಿದು ನಿಂತಿದ್ದಳು. ಯಾರೋ ಸೋದರತ್ತೆಯ ಕಿವಿಯಲ್ಲಿ, ಸತ್ತಿರಬೇಕು ಎಂದದ್ದು ನನಗೂ ಕೇಳಿತು, ಶ್ರಾವ್ಯಳಿಗೂ ಕೇಳಿತು.

ಐತಾಳರು ಅಡುಗೆಮನೆಯಿಂದ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಎಂತ ಮಾಡಿದ್ರೆ ಹೊರಗೆ ಬರ್ತವೆ?"

"ಊಟ ಹಾಕಿದ್ರೆ."

"ಹಾಕು ಮತ್ತೆ. ಆ ಪುಡಿ."

"ಹೆದರಿದಾಗ ಪುಡಿಗೆ ಬರುವುದಿಲ್ಲ ಐತಾಳರೇ." ಮುಂದಿನ ಮಾತಿಗೆ ಯಾರ ದನಿಯೂ ಸಿಗಲಿಲ್ಲ, ನನ್ನದರಲ್ಲೇ ಹೇಳಬೇಕಾಯಿತು. "ಸೀಗಡಿ ಬೇಕು. ಸಣ್ಣದು, ಮಂಜುಗಟ್ಟಿಸಿದ್ದು. ಅವು ನಿಜವಾಗಿ ತಿನ್ನುವುದು ಅದನ್ನೇ. ನಿಮ್ಮ ಹತ್ರ ಸುಳ್ಳು ಹೇಳಿದೆ. ಸ್ಕೂಟರಿನ ಡಿಕ್ಕಿಯಲ್ಲಿ ಉಂಟು, ಒಳಗೆ ತರಲಿಲ್ಲ."

ಅವರು ನನ್ನನ್ನು ನೋಡಿದರು. ಬೈದಿದ್ದರೆ ಸುಲಭವಿತ್ತು. "ಅವು ಕಡೆಗೆ ಉಂಡದ್ದು ಯಾವಾಗ?" ಎಂದು ಕೇಳಿದರು.

"ಮೊನ್ನೆ ಸಂಜೆ. ಪ್ರಯಾಣಕ್ಕೆ ಮೊದಲು ಹೊಟ್ಟೆ ಖಾಲಿ ಇರಬೇಕು."

ಐತಾಳರು ಗಾಜಿನೊಳಗೆ ನೋಡಿದರು. ಕುರ್ಚಿಯಲ್ಲಿ ಕೂತ ಠಾಕುಮಾರನ್ನು ನೋಡಿದರು. "ಮೂವರು ನೆಂಟರನ್ನು ಹಸಿದು ಕೂರಿಸಿದ್ದೀಯಲ್ಲ ಮಾರಾಯ, ನನ್ನ ಮನೆಯಲ್ಲಿ," ಎಂದರು. "ತಾ ಒಳಗೆ."

ತಂದೆ. ಲೋಟದಲ್ಲಿ ಕರಗಿಸಿ, ಉದ್ದನೆಯ ಪಿಚಕಾರಿಯಲ್ಲಿ ಎಳೆದು, ಅವಸರದಲ್ಲಿ ಒಂದೇ ಸಲಕ್ಕೆ ಎಲ್ಲವನ್ನೂ ಒತ್ತಲು ಹೊರಟೆ.

"ಹಾಗಲ್ಲ," ಐತಾಳರು ನನ್ನ ಮಣಿಕಟ್ಟು ಹಿಡಿದರು. "ಬಡಿಸುವುದು ಹಾಗಲ್ಲ. ಸ್ವಲ್ಪ ಹಾಕು, ನಿಲ್ಲು. ಕೇಳು. ಮತ್ತೆ ಸ್ವಲ್ಪ." ಪಿಚಕಾರಿ ಯಾವಾಗ ಅವರ ಕೈಗೆ ಹೋಯಿತೋ ಗೊತ್ತಾಗಲಿಲ್ಲ. ಕಲ್ಲಿನ ಬಾಯಿಯ ಹತ್ತಿರ ಒಂದು ಚೂರು ಬಿಟ್ಟರು. ನಿಂತರು. ಇನ್ನೊಂದು ಚೂರು, ಸ್ವಲ್ಪ ಈಚೆ.

ಕಲ್ಲಿನ ಹಿಂದಿನಿಂದ ಒಂದು ಕಿತ್ತಳೆ ಮೂಗು ಬಂತು. ದೊಡ್ಡದು. ಚೂರನ್ನು ನುಂಗಿ, ಹಿಂದೆ ತಿರುಗಿ, ಬಾ ಎನ್ನುವಂತೆ ಮೈ ಅಲುಗಿಸಿತು. ಚಿಕ್ಕದು ಬಂತು. ಐತಾಳರು ಈಚೆ ಈಚೆ ಬಡಿಸುತ್ತ ಎರಡನ್ನೂ ಅರಿಶಿನದ ಐದು ಬೆರಳಿನ ಗುರುತಿನವರೆಗೆ ಕರೆತಂದರು. ಅವು ಅಲ್ಲಿಯೇ, ಠಾಕುಮಾರ ಮೂಗಿನ ಮುಂದೆ, ಜಗಳವಾಡಿಕೊಂಡು ತಿಂದವು.

ಠಾಕುಮಾ ಕೆಮ್ಮಿದರು. ಎಲ್ಲರೂ ತಿರುಗಿ ನೋಡಿದರು. "ನನ್ನ ಸೊಸೆಯನ್ನು ಕರೆಯಿರಿ," ಎಂದರು. "ಆಮೇಲೆ ನೀರು ಕೊಡಿ."

ಐತಾಳರು ಮಂಡಿ ಹಿಡಿದು ಎದ್ದು, ಪಿಚಕಾರಿಯನ್ನು ನನ್ನ ಕೈಗಿಟ್ಟು, ಅಡುಗೆಮನೆಯ ಕಡೆ ಕೂಗಿದರು.

"ಸುಬ್ಬಣ್ಣ, ಮೊದಲ ಪಂಕ್ತಿ ಆಯ್ತು. ಎರಡನೇ ಪಂಕ್ತಿಗೆ ಎಲೆ ಹಾಕಿ."